ಏಟಿಗೆ ಗಾಳಿ, ಓಟಕ್ಕೆ ಕರೆಂಟು

(ಮರಗೆಲಸ ಕಲಿಯುತ್ತಿರುವ ಯುವಕ ಯುವತಿಯರ ಮುಂದೆ ಸಾಗರದಲ್ಲಿ ಒಂದು ಮಳೆಗಾಲದ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ. ನಡುವೆ ಮಾಡಿ ತೋರಿಸಿದ್ದನ್ನೂ ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಮಾತಿಗೆ ಮೊದಲು ಒಂದು ಕೆಲಸ ಮಾಡೋಣ. ಗಾಳಿಯನ್ನು ಹಿಂಡಿ ಟ್ಯಾಂಕಿಗೆ ತುಂಬುವ ಈ ಕಂಪ್ರೆಸರ್ ಚಾಲೂ ಮಾಡುತ್ತೇನೆ. ಎರಡು ನಿಮಿಷ ಇದರ ಗಲಾಟೆಯನ್ನು ಸಹಿಸಿಕೊಳ್ಳಿ. ಒಂದು ಎಚ್‌ಪಿ ಮೋಟಾರ್, 25 ಲೀಟರಿನ ಟ್ಯಾಂಕು. ಮೀಟರಿನ ಮುಳ್ಳನ್ನು ನೋಡುತ್ತಿರಿ. ಒಳಗಿನ ಒತ್ತಡ 8 ಬಾರ್ ಮುಟ್ಟಿದೊಡನೆ ತಾನಾಗಿಯೇ ನಿಲ್ಲುತ್ತದೆ.

ನಿಂತಿತು. ಈಗ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಮೇಜಿನ ಮೇಲೆ ಇಡುತ್ತೇನೆ. ಇನ್ನು ಈ ಯಂತ್ರಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಒಳಗೆ ಎಷ್ಟು ಗಾಳಿ ತುಂಬಿದೆಯೋ ಅಷ್ಟೇ ನಮ್ಮ ಬಂಡವಾಳ. ಇದು 18 ಗೇಜಿನ ಮೊಳೆ ಹೊಡೆಯುವ ಗನ್, ಅಂಗಡಿಯಲ್ಲಿ ಎಫ್-30 ಎಂದು ಕೇಳಿದರೆ ಕೊಡುತ್ತಾರೆ. ಇದು ಹಲಸಿನ ಹಲಗೆ. ಮುಂದಿನ ಸಾಲಿನಿಂದ ಇಬ್ಬರು ಬನ್ನಿ. ಒಬ್ಬರು ಕನ್ನಡಕ ಹಾಕಿಕೊಂಡು ಹೊಡೆಯಿರಿ, ಇನ್ನೊಬ್ಬರು ಜೋರಾಗಿ ಎಣಿಸಿ.

(53 ಮೊಳೆಗಳು ತಲೆ ಕಾಣದಂತೆ ಮರದೊಳಗೆ ಇಳಿದವು. 54ನೆಯದು ಒಂದು ಅಕ್ಕಿಕಾಳಿನಷ್ಟು ಮೇಲೆ ಎದ್ದು ನಿಂತಿತು. ಮುಳ್ಳು 5.5 ಬಾರ್ ತೋರಿಸುತ್ತಿತ್ತು.)

ಚೆನ್ನಾಗಿದೆ. ಈಗ ಮತ್ತೆ 8 ಬಾರ್ ತುಂಬಿಸಿ, ಪ್ಲಗ್ ಕಿತ್ತು, ಗನ್ನಿನ ಜಾಗಕ್ಕೆ ಮರ ಉಜ್ಜಿ ನಯ ಮಾಡುವ, ಗಾಳಿಯಿಂದ ತಿರುಗುವ ಈ ಸ್ಯಾಂಡರನ್ನು ಸಿಕ್ಕಿಸುತ್ತೇನೆ. ಅದೇ ಟ್ಯಾಂಕು, ಅದೇ ಗಾಳಿ, ಅದೇ ಹಲಗೆ. ಯಾರಾದರೂ ಮೊಬೈಲಿನಲ್ಲಿ ಸಮಯ ನೋಡಿ.

(14 ಸೆಕೆಂಡ್. ಅಷ್ಟರಲ್ಲಿ ಸ್ಯಾಂಡರಿನ ಸದ್ದು ಇಳಿಯಿತು, ತಟ್ಟೆ ಸೋತು ನಿಂತಿತು. ಹಲಗೆಯ ಮೇಲೆ ಅಂಗೈ ಅಗಲದ ಜಾಗವೂ ನಯವಾಗಿರಲಿಲ್ಲ.)

ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇಷ್ಟರಲ್ಲೇ ಇದೆ. ಅಷ್ಟೇ ಗಾಳಿಯಲ್ಲಿ ಒಂದು ಕಪಾಟಿನ ಅಂಚುಪಟ್ಟಿಗೆ, ಅಂದರೆ ಬೀಡಿಂಗಿಗೆ, ಪೂರ್ತಿ ಮೊಳೆ ಹೊಡೆದು ಮುಗಿಸಬಹುದು, ಅಥವಾ ಹದಿನಾಲ್ಕು ಸೆಕೆಂಡ್ ಉಜ್ಜಬಹುದು. ಮೊಳೆಯ ಕೆಲಸ ಏಟಿನ ಕೆಲಸ. ಕ್ಷಣದಲ್ಲಿ ದೊಡ್ಡ ಬಲ ಬೇಕು, ಆಮೇಲೆ ನಾವು ಮುಂದಿನ ಜಾಗ ನೋಡಿ ಗನ್ ಇಡುವವರೆಗೆ ಏನೂ ಬೇಡ. ಆ ಬಿಡುವಿನಲ್ಲಿ ಕಂಪ್ರೆಸರ್ ಉಸಿರು ತುಂಬಿಕೊಳ್ಳುತ್ತದೆ. ಉಜ್ಜುವುದು, ಕೊಯ್ಯುವುದು, ಕೊರೆಯುವುದು, ಕಡೆಯುವುದು ಓಟದ ಕೆಲಸ. ಅಲ್ಲಿ ಬಿಡುವೇ ಇಲ್ಲ. ಏಟಿನ ಕೆಲಸಕ್ಕೆ ಗಾಳಿ, ಓಟದ ಕೆಲಸಕ್ಕೆ ಕರೆಂಟು. ಗಾಳಿಯ ಹತಾರ ಒಳ್ಳೆಯದೋ ಕರೆಂಟಿನ ಹತಾರ ಒಳ್ಳೆಯದೋ ಎಂದು ನನ್ನನ್ನು ಕೇಳುವವರಿಗೆಲ್ಲ ಮೊದಲು ನಾನು ಕೇಳುವುದು, ನಿಮ್ಮ ಕೆಲಸ ಏಟಿನದೋ ಓಟದ್ದೋ ಎಂದು.

ಗಾಳಿಯನ್ನು ದುಡಿಸಿಕೊಳ್ಳುವುದು ನಮಗೆ ಹೊಸದಲ್ಲ. ನಮ್ಮ ಊರಿನ ಕುಲುಮೆಯಲ್ಲಿ ತಿದಿ ಒತ್ತಿದವರು ಈ ಸಭೆಯಲ್ಲೂ ಇದ್ದೀರಿ. ಚರ್ಮದ ತಿದಿಯಲ್ಲಿ ತುಂಬಿದ ಗಾಳಿ ಕೆಂಡವನ್ನು ಎಬ್ಬಿಸದೆ ಇದ್ದಿದ್ದರೆ ಬಡಗಿಯ ಉಳಿಗೂ ಬಾಚಿಗೂ ಅಲಗು ಎಲ್ಲಿಂದ ಬರುತ್ತಿತ್ತು? ಆದರೆ ಗಾಳಿಯೇ ಹತಾರವನ್ನು ಹೊಡೆಯುವಂತೆ ಮಾಡಿದ್ದು ಮರಗೆಲಸದವರಲ್ಲ, ಬಂಡೆ ಕೊರೆಯುವವರು. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಪರ್ವತದ ಕೆಳಗೆ ಹನ್ನೆರಡು ಕಿಲೋಮೀಟರಿಗೂ ಉದ್ದದ ರೈಲು ಸುರಂಗವನ್ನು 1857ರಲ್ಲಿ ತೋಡಲು ಆರಂಭಿಸಿದಾಗ ಕೈಸುತ್ತಿಗೆಯೇ ಗತಿಯಾಗಿತ್ತು. 1861ರಲ್ಲಿ ಜೆರ್ಮೈನ್ ಸೊಮೆಯೆ ಎಂಬ ಎಂಜಿನಿಯರ್ ಗಾಳಿಯ ಒತ್ತಡದಿಂದ ಹೊಡೆಯುವ ಕೊರೆಯಂತ್ರವನ್ನು ಒಳಗೆ ಇಳಿಸಿದರು. 1871ರಲ್ಲಿ ಸುರಂಗ ತೆರೆಯಿತು. ಯಂತ್ರದಿಂದ ಹೊರಬಂದ ಗಾಳಿಯೇ ಒಳಗಿದ್ದವರಿಗೆ ಉಸಿರಾಟಕ್ಕೂ ಆಯಿತು.

ನಮ್ಮ ಕೋಲಾರದ ಚಿನ್ನದ ಗಣಿಯ ಉದಾಹರಣೆ ನನಗೆ ಇನ್ನೂ ಇಷ್ಟ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ಹುಟ್ಟಿಸಿ ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯ ಮೇಲೆ ಕಳುಹಿಸಿದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಷ್ಟು ದೂರದಿಂದ ಕರೆಂಟು ಬಂದು ಬಾಗಿಲಲ್ಲಿ ನಿಂತಿದ್ದರೂ ಆಳದಲ್ಲಿ ಬಂಡೆಗೆ ಎದುರಾಗಿ ನಿಂತು ಹೊಡೆದದ್ದು ಗಾಳಿಯ ಡ್ರಿಲ್ಲೇ. ಕರೆಂಟು ಮೇಲೆ ಕಂಪ್ರೆಸರ್ ಓಡಿಸಿತು, ಕೆಳಗೆ ಗಾಳಿ ಏಟು ಹಾಕಿತು. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದರು. ನಮ್ಮ ಶೆಡ್ಡಿನಲ್ಲೂ ಹಾಗೆಯೇ ಆಗಬೇಕು.

ಈಗ ಲೆಕ್ಕಕ್ಕೆ ಬರೋಣ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದು ನಿಮಗೆ ಗೊತ್ತು. ಗಾಳಿಯನ್ನು ಹಿಂಡಿದರೆ ಅದು ಕಾಯುತ್ತದೆ. ಈ ಕಂಪ್ರೆಸರಿನ ತಲೆಯ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಆ ಬಿಸಿಯೆಲ್ಲ ನೀವು ಕಾಸು ಕೊಟ್ಟು ಕೊಂಡ ಕರೆಂಟು. ಅದು ಟ್ಯಾಂಕಿನಲ್ಲಿ ಉಳಿಯುವುದಿಲ್ಲ, ಶೆಡ್ಡಿನ ಗಾಳಿಗೆ ಹೋಗುತ್ತದೆ. ಗಾಳಿಯ ಮೋಟಾರಿನಲ್ಲಿ ಒಂದು ಎಚ್‌ಪಿ ಬಲ ಸಿಗಬೇಕಾದರೆ ಕಂಪ್ರೆಸರಿಗೆ ಏಳರಿಂದ ಎಂಟು ಎಚ್‌ಪಿ ಉಣಿಸಬೇಕಾಗುತ್ತದೆ. ಇದು ಯಾವುದೋ ಕಳಪೆ ಯಂತ್ರದ ದೋಷವಲ್ಲ, ಗಾಳಿಯ ಸ್ವಭಾವವೇ ಹಾಗೆ.

ಗಾಳಿಯ ಸ್ಯಾಂಡರ್ ನಿಮಿಷಕ್ಕೆ ಸುಮಾರು 10 ಘನ ಅಡಿ, ಅಂದರೆ 283 ಲೀಟರ್ ಗಾಳಿ ಕುಡಿಯುತ್ತದೆ. ಅಷ್ಟು ಗಾಳಿ ಬಿಡದೆ ಕೊಡಬೇಕಾದರೆ ಮೂರು ಎಚ್‌ಪಿ ಕಂಪ್ರೆಸರ್ ನಿಲ್ಲದೆ ಓಡಬೇಕು, ಗಂಟೆಗೆ ಎರಡೂವರೆ ಯೂನಿಟ್ ಹತ್ತಿರ ಖರ್ಚು. ಅದೇ ಅಳತೆಯ ವಿದ್ಯುತ್ ಸ್ಯಾಂಡರ್ 300 ವಾಟಿನದು, ಮೂರು ಗಂಟೆ ಓಡಿದರೂ ಒಂದು ಯೂನಿಟ್ ಮುಗಿಯುವುದಿಲ್ಲ. ಇನ್ನು ಮೊಳೆಯ ಲೆಕ್ಕ. ಈಗ ನೀವು ಹೊಡೆದ ಒಂದೊಂದು ಮೊಳೆಗೂ ಒಂದು ಲೀಟರಿಗಿಂತ ತುಸು ಹೆಚ್ಚು ಗಾಳಿ ಹೋಯಿತು. ಸಾವಿರ ಮೊಳೆ ಹೊಡೆದರೂ ಕಾಲು ಯೂನಿಟ್ ದಾಟುವುದಿಲ್ಲ. ಗಾಳಿ ದುಬಾರಿ ಎನ್ನುವವರೂ ಅಗ್ಗ ಎನ್ನುವವರೂ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಒಬ್ಬರು ಸ್ಯಾಂಡರ್ ಹಿಡಿದು ಮಾತನಾಡುತ್ತಿದ್ದಾರೆ, ಇನ್ನೊಬ್ಬರು ಗನ್ ಹಿಡಿದು.

ಸೋರಿಕೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏಳು ಬಾರ್ ಒತ್ತಡದಲ್ಲಿ ಒಂದು ಮಿಲಿಮೀಟರ್ ತೂತಿನಿಂದ ನಿಮಿಷಕ್ಕೆ ಸುಮಾರು 70 ಲೀಟರ್ ಗಾಳಿ ಹೋಗುತ್ತದೆ. ಈ ಚಿಕ್ಕ ಕಂಪ್ರೆಸರ್ ನಿಮಿಷಕ್ಕೆ ಕೊಡುವುದೇ 100 ಲೀಟರ್. ಸೂಜಿಯ ತೂತಿನಷ್ಟು ಸೋರಿಕೆ ಮುಕ್ಕಾಲು ಪಾಲು ದುಡಿಮೆಯನ್ನು ನುಂಗುತ್ತಿರುತ್ತದೆ, ನಾವು ಯಂತ್ರಕ್ಕೆ ಶಕ್ತಿ ಸಾಲದು ಎಂದು ದೊಡ್ಡದನ್ನು ಕೊಳ್ಳಲು ಓಡುತ್ತೇವೆ. ಸಂಜೆ ಎಲ್ಲ ಯಂತ್ರ ನಿಂತ ಮೇಲೆ ಶೆಡ್ಡಿನಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ. 'ಸ್ಸ್' ಎಂಬ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡಿ. ಸಾಬೂನಿನ ನೊರೆ ಹಚ್ಚಿ ನೋಡಿ, ಗುಳ್ಳೆ ಏಳುತ್ತದೆ. ಹತ್ತಕ್ಕೆ ಒಂಬತ್ತು ಸಲ ಅದು ಕಪ್ಲಿಂಗಿನ ರಬ್ಬರ್ ಉಂಗುರ.

ಮಲೆನಾಡಿನವರಾದ ನಮಗೆ ಇನ್ನೊಂದು ದೊಡ್ಡ ವಿಷಯವಿದೆ, ನೀರು. ಇದನ್ನು ನಾನು ಕಲಿತದ್ದು ಒಂದು ತೂಗುಮಣೆಯಿಂದ.

ಹನ್ನೆರಡು ವರ್ಷಗಳ ಹಿಂದಿನ ಮಾತು. ಆಷಾಢದಲ್ಲಿ ಕೆಲಸ, ಶ್ರಾವಣದಲ್ಲಿ ಗೃಹಪ್ರವೇಶ. ಹಳೆಯ ಹಲಸಿನ ಒಂದೇ ಹಲಗೆ, ಆರು ಅಡಿ ಉದ್ದ, ಜೇನಿನ ಬಣ್ಣ. ಆ ಮನೆಯ ಅಜ್ಜನ ಕಾಲದಲ್ಲಿ ಕೊಯ್ಸಿಟ್ಟ ಮರ ಅದು. ಒಂದು ವಾರ ಉಜ್ಜಿದ್ದೆ. ಮರದ ರಂಧ್ರ ಮುಚ್ಚುವ ಸೀಲರ್ ಮೂರು ಕೈ ಆಗಿತ್ತು, ನಡುವೆ ನಡುವೆ 320ರ ಉಜ್ಜುಕಾಗದ ಹಾಕಿ ತಟ್ಟೆಯಂತೆ ಸಪಾಟು ಮಾಡಿದ್ದೆ. ಕೊನೆಯ ಕೈ ಲ್ಯಾಕರನ್ನು, ಅಂದರೆ ಹೊಳಪಿನ ಲೇಪವನ್ನು, ಕಂಪ್ರೆಸರಿನ ಗಾಳಿಯಿಂದ ಸ್ಪ್ರೇ ಗನ್ನಿನಲ್ಲಿ ಹೊಡೆದೆ. ಹೊಡೆಯುವಾಗ ಕನ್ನಡಿಯಂತೆ ಕಂಡಿತು. ಊಟ ಮಾಡಿ ಬಂದು ನೋಡಿದರೆ ಹಲಗೆಯ ಮೇಲೆಲ್ಲ ಎಳ್ಳಿನಷ್ಟು ಬಿಳಿ ಗುಳ್ಳೆಗಳು. ಬೆರಳಿನಿಂದ ಸವರಿದರೆ ಚುಚ್ಚುತ್ತಿದ್ದವು. ಬಣ್ಣದ ಡಬ್ಬಿಯ ತಪ್ಪು ಎಂದುಕೊಂಡೆ. ಉಜ್ಜಿ ತೆಗೆದು ಹೊಸ ಡಬ್ಬಿ ಒಡೆದು ಮತ್ತೆ ಹೊಡೆದೆ. ಮತ್ತೆ ಅದೇ. ಮೂರನೇ ದಿನ ಕಂಪ್ರೆಸರಿನ ಅಡಿಯಲ್ಲಿರುವ ಡ್ರೈನ್ ತಿರುಪನ್ನು ಬಿಚ್ಚಿದೆ. ಕೆಂಪು ಮಣ್ಣಿನ ಹೊಳೆಯಂತೆ ತುಕ್ಕಿನ ನೀರು ಬಕೆಟ್ಟಿಗೆ ಬಿತ್ತು, ನಿಲ್ಲಲೇ ಇಲ್ಲ. ಮಳೆಗಾಲ ಶುರುವಾದಂದಿನಿಂದ ಅದನ್ನು ನಾನು ಬಿಚ್ಚಿಯೇ ಇರಲಿಲ್ಲ. ಆ ನೀರೇ ಗಾಳಿಯ ಜೊತೆ ಗನ್ನಿಗೆ ಬಂದು ಲ್ಯಾಕರಿನೊಳಗೆ ಸೇರುತ್ತಿತ್ತು.

ನೀರು ಎಲ್ಲಿಂದ ಬಂತು? ಹೊರಗಿನ ಗಾಳಿಯಿಂದ. ಆಷಾಢದ ನಮ್ಮ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 20 ಗ್ರಾಂ ನೀರಿನ ಆವಿ ಇರುತ್ತದೆ. ಎಂಟು ಘನ ಮೀಟರ್ ಗಾಳಿಯನ್ನು ಹಿಂಡಿ ಒಂದು ಘನ ಮೀಟರಿನ ಜಾಗಕ್ಕೆ ತುಂಬಿದರೆ ಅಷ್ಟೂ ಆವಿ ಒಂದೇ ಕೋಣೆಯಲ್ಲಿ ಸಿಕ್ಕಿಬೀಳುತ್ತದೆ. ಬಿಸಿ ಇರುವವರೆಗೆ ಗಾಳಿ ಅದನ್ನು ಹೊತ್ತುಕೊಂಡಿರುತ್ತದೆ. ತಣ್ಣಗಾದೊಡನೆ 23 ಗ್ರಾಂ ಮಾತ್ರ ಇಟ್ಟುಕೊಂಡು ಉಳಿದ ಸುಮಾರು 140 ಗ್ರಾಂ ನೀರಾಗಿ ಇಳಿಸಿಬಿಡುತ್ತದೆ. ಸ್ಪ್ರೇ ಗನ್ನಿಗೆ ನಿಮಿಷಕ್ಕೆ 10 ಘನ ಅಡಿ ಗಾಳಿ ಎಂದರೆ ಗಂಟೆಗೆ ಸುಮಾರು 300 ಮಿಲಿಲೀಟರ್ ನೀರು. ಒಂದು ದಿನದ ಕೆಲಸಕ್ಕೆ ಎರಡು ಲೀಟರ್ ಮೀರುತ್ತದೆ. ಬೇಸಿಗೆಯಲ್ಲಿ ಬಳ್ಳಾರಿಯ ಬಡಗಿಗೆ ಈ ಕಾಟ ಇಷ್ಟಿಲ್ಲ. ಆಗುಂಬೆಯ ಕೆಳಗಿನವರಿಗೂ ಕರಾವಳಿಯವರಿಗೂ ಇದು ವರ್ಷದ ಅರ್ಧ ಕಾಡುತ್ತದೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ದಿನವೂ ಸಂಜೆ ಡ್ರೈನ್ ಬಿಚ್ಚಿ. ನೀರು ತಡೆಯುವ ಫಿಲ್ಟರನ್ನು ಕಂಪ್ರೆಸರಿಗೆ ಅಂಟಿಸಿ ಇಡಬೇಡಿ. ಅಲ್ಲಿ ಗಾಳಿ ಇನ್ನೂ ಬಿಸಿ, ಆವಿ ಫಿಲ್ಟರನ್ನು ದಾಟಿ ಹೋಗಿ ಮುಂದೆ ಪೈಪಿನಲ್ಲಿ ನೀರಾಗುತ್ತದೆ. ಇಪ್ಪತ್ತು ಇಪ್ಪತ್ತೈದು ಅಡಿ ಲೋಹದ ಪೈಪಿನಲ್ಲಿ ಓಡಿ ತಣ್ಣಗಾದ ಮೇಲೆ, ಗನ್ನಿನ ಹತ್ತಿರ ಇಡಿ. ಗೋಡೆಯ ಪೈಪಿಗೆ ತುಸು ಇಳಿಜಾರು ಕೊಡಿ, ಕೊನೆಯಲ್ಲಿ ಒಂದು ಕೊಳಾಯಿ ಇಟ್ಟು ನೀರು ಬಿಡಿ. ಕವಲು ತೆಗೆಯುವಾಗ ಪೈಪಿನ ಅಡಿಯಿಂದ ತೆಗೆಯದೆ ನೆತ್ತಿಯಿಂದ ತೆಗೆಯಿರಿ, ಆಗ ಅಡಿಯಲ್ಲಿ ಹರಿಯುವ ನೀರು ಕವಲಿಗೆ ಬರುವುದಿಲ್ಲ. ಇನ್ನೂ ಒಂದು ಮಾತು. ಮೊಳೆ ಗನ್ನಿಗೆ ದಿನಕ್ಕೆ ಎರಡು ಹನಿ ಎಣ್ಣೆ ಬೇಕು, ಆದರೆ ಆ ಎಣ್ಣೆಯನ್ನು ಪೈಪಿನ ಮೂಲಕ ಕೊಡುವ ಉಪಕರಣ ಹಾಕಿದರೆ ಅದೇ ಪೈಪಿನಿಂದ ಪಾಲಿಶ್ ಹೊಡೆಯಬೇಡಿ. ಎಣ್ಣೆಯ ಒಂದು ಕಣ ಬಿದ್ದ ಕಡೆ ಲ್ಯಾಕರ್ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ಎಣ್ಣೆಯನ್ನು ಗನ್ನಿನ ಬಾಯಿಗೆ ಕೈಯಿಂದಲೇ ಬಿಡಿ.

ಕೈಯಲ್ಲಿ ಹಿಡಿಯುವ ಮೊದಲ ವಿದ್ಯುತ್ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೈನ್ ಕಂಪನಿ ಮಾಡಿತು. ಅಲ್ಲಿಂದ ಮುಂದೆ ಓಟದ ಕೆಲಸವೆಲ್ಲ ನಿಧಾನವಾಗಿ ಕರೆಂಟಿನ ಪಾಲಾಯಿತು, ಆಗಬೇಕಾದದ್ದೂ ಅದೇ. ಗರಗಸ, ರೂಟರ್, ರಂದಾ, ಡ್ರಿಲ್ಲುಗಳಿಗೆ ಗಾಳಿಯ ಹತಾರ ಕೊಳ್ಳಲು ಹೋಗಬೇಡಿ. ಚನ್ನಪಟ್ಟಣದ ಕಡೆಯುವವರನ್ನು ನೋಡಿ. ಬಿಲ್ಲಿನ ಹಗ್ಗ ಎಳೆದು ತಿರುಗಿಸುತ್ತಿದ್ದ ಲೇತಿಗೆ ಮೋಟಾರು ಬಂತು. ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಬಿಸಿ ಏರಿಳಿಯದೆ ಉಳಿಯಬೇಕಾದರೆ ತಿರುಗಾಟ ಒಂದೇ ಸಮನೆ ಇರಬೇಕು. ಅಂಥ ಕಡೆ ಮೋಟಾರಿಗೆ ಸಾಟಿ ಇಲ್ಲ.

ಕರೆಂಟಿನ ಹತಾರಗಳಿಗೆ ನಮ್ಮ ಕಡೆ ಇರುವ ಶತ್ರು ಕಡಿಮೆ ವೋಲ್ಟೇಜು. 230 ಇರಬೇಕಾದಲ್ಲಿ ಲೈನಿನ ಕೊನೆಯ ಹಳ್ಳಿಯಲ್ಲಿ ಸಂಜೆ 180 ಬರುತ್ತದೆ. ಕಾರ್ಬನ್ ಬ್ರಷ್ಷಿನ ಮೋಟಾರ್ ಮಂಕಾಗುತ್ತದೆ, ನಾವು ಕೆಲಸ ಸಾಗಲಿಲ್ಲವೆಂದು ಒತ್ತುತ್ತೇವೆ, ಒಳಗೆ ತಿರುಗುವ ಆರ್ಮೇಚರ್ ಸುಟ್ಟು ಹೋಗುತ್ತದೆ. ತೆಳು ತಂತಿಯ ಉದ್ದನೆಯ ಎಕ್ಸ್‌ಟೆನ್ಶನ್ ಬಾಕ್ಸ್ ಈ ಅನ್ಯಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕಂಪ್ರೆಸರಿಗೂ ಇದರಿಂದ ಬಿಡುಗಡೆ ಇಲ್ಲ. ಅದರ ಮೋಟಾರ್ ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ವೋಲ್ಟೇಜು ಇಲ್ಲದಿದ್ದರೆ ಹೊರಡಲಾಗದೆ ಗುಂಯ್ ಎನ್ನುತ್ತಾ ನಿಲ್ಲುತ್ತದೆ. ಆ ಸದ್ದು ಕೇಳಿದ ಕೂಡಲೇ ಸ್ವಿಚ್ ಆರಿಸಿ. ಮೊದಲು ಕಂಪ್ರೆಸರ್ ನಿಂತಾಗ 'ಟುಸ್' ಎಂದು ಒಂದು ಉಸಿರು ಬಿಟ್ಟಿತು, ಕೇಳಿಸಿತೇ? ತಲೆಯಲ್ಲಿ ಉಳಿದ ಒತ್ತಡವನ್ನು ಅದು ಹೊರಹಾಕುತ್ತದೆ, ಮುಂದಿನ ಸಲ ಮೋಟಾರ್ ಹಗುರವಾಗಿ ಹೊರಡಲಿ ಎಂದು. ಆ ಸದ್ದು ಬರದಿದ್ದರೆ ಅದರ ಚಿಕ್ಕ ವಾಲ್ವ್ ಕೆಟ್ಟಿದೆ, ಮೊದಲು ಅದನ್ನು ಸರಿ ಮಾಡಿಸಿ. ಸಾಮಾನ್ಯವಾಗಿ ನಾನು ಮಧ್ಯಾಹ್ನ ವೋಲ್ಟೇಜು ಚೆನ್ನಾಗಿರುವಾಗ ದೊಡ್ಡ ಟ್ಯಾಂಕು ತುಂಬಿಸಿಟ್ಟುಕೊಳ್ಳುತ್ತೇನೆ. ಸಂಜೆ ಕರೆಂಟು ಹೋದರೂ ಬೀಡಿಂಗಿನ ಕೆಲಸ ನಿಲ್ಲುವುದಿಲ್ಲ.

ಗಾಳಿಗೆ ಅದರದೇ ಆದ ಇನ್ನೂ ಕೆಲವು ಗುಣಗಳಿವೆ. ಗಾಳಿಯ ಮೋಟಾರನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದರೂ ಸುಡುವುದಿಲ್ಲ, ಬಿಟ್ಟರೆ ಮತ್ತೆ ತಿರುಗುತ್ತದೆ. ಅದರಲ್ಲಿ ಬ್ರಷ್ಷಿನ ಕಿಡಿ ಇಲ್ಲ. ಥಿನ್ನರಿನ ಆವಿ ತುಂಬಿದ ಪಾಲಿಶ್ ಕೋಣೆಯಲ್ಲಿ ಕಿಡಿಯ ಅರ್ಥ ಏನೆಂದು ನಾನು ವಿವರಿಸಬೇಕಾಗಿಲ್ಲ. ಒದ್ದೆ ನೆಲದ ಮೇಲೆ ಶಾಕಿನ ಭಯವಿಲ್ಲ. ಹತಾರ ಹಗುರ. ಈ ಗನ್ ಒಂದೂಕಾಲು ಕಿಲೋ, ಇಷ್ಟೇ ಕೆಲಸದ ಬ್ಯಾಟರಿ ಗನ್ ಮೂರು ಕಿಲೋ ಹತ್ತಿರ. ತಲೆಯ ಮೇಲೆ ಕೈಯೆತ್ತಿ ಸೀಲಿಂಗಿಗೆ ದಿನವಿಡೀ ಹೊಡೆಯುವವನ ಭುಜಕ್ಕೆ ಅದು ಸಣ್ಣ ವ್ಯತ್ಯಾಸವಲ್ಲ.

ಒತ್ತುವ ಕೆಲಸಕ್ಕೂ ಗಾಳಿ ಬರುತ್ತದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. ಬಾಗಿದ ಹಲಗೆಗೆ ವಿನಿಯರ್, ಅಂದರೆ ತೆಳು ಮರದ ಹಾಳೆ, ಅಂಟಿಸಬೇಕು ಎಂದಿಟ್ಟುಕೊಳ್ಳಿ. ಕ್ಲ್ಯಾಂಪು ಕೂರುವುದಿಲ್ಲ, ಕಲ್ಲು ಹೇರಿದರೆ ಜಾರುತ್ತದೆ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದುಬಿಡಿ. ನಮ್ಮ ಸುತ್ತಲಿನ ವಾತಾವರಣವೇ ಹಲಗೆಯನ್ನು ಒತ್ತುತ್ತದೆ. ಒಂದು ಚದರ ಮೀಟರಿಗೆ ಸುಮಾರು ಹತ್ತು ಟನ್ ಭಾರ. ಪಂಪು ಐದರಲ್ಲಿ ನಾಲ್ಕು ಪಾಲು ಗಾಳಿ ತೆಗೆದರೂ ಎಂಟು ಟನ್, ಮೂಲೆ ಮುರುಕು ಏನೂ ಬಿಡದೆ, ಎಲ್ಲ ಕಡೆ ಒಂದೇ ಸಮನೆ. ಮೊದಲ ಸಲ ಆ ಚೀಲ ಮರಕ್ಕೆ ಅಪ್ಪಿಕೊಂಡದ್ದನ್ನು ಕಂಡಾಗ ನಾನು ತುಂಬ ಹೊತ್ತು ನೋಡುತ್ತಾ ನಿಂತಿದ್ದೆ.

ಬ್ಯಾಟರಿಯ ಬಗ್ಗೆ ಕೇಳಬೇಕೆಂದು ಆಗಿನಿಂದ ಕೆಲವರು ಕಾಯುತ್ತಿದ್ದೀರಿ. ಸ್ಕ್ರೂ ಹಾಕಲು, ಡ್ರಿಲ್ ಮಾಡಲು ಬ್ಯಾಟರಿಯೇ ಸರಿ, ಎರಡು ಮಾತಿಲ್ಲ. ಬ್ಯಾಟರಿ ಮೊಳೆ ಗನ್ನುಗಳೂ ಬಂದಿವೆ. ಅದರೊಳಗೆ ಏನಿದೆ ನೋಡಿ. ಕೆಲವದರಲ್ಲಿ ಭಾರದ ಚಕ್ರ ವೇಗವಾಗಿ ತಿರುಗಿ ಆ ಓಟವನ್ನು ಒಂದು ಏಟಾಗಿ ಬದಲಿಸುತ್ತದೆ. ಕೆಲವದರಲ್ಲಿ ಒತ್ತಿ ಮುಚ್ಚಿಟ್ಟ ನೈಟ್ರೋಜನ್ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಇನ್ನು ಕೆಲವು ಪ್ರತಿ ಏಟಿಗೂ ಒಳಗೇ ಗಾಳಿಯನ್ನು ಹಿಂಡಿಕೊಳ್ಳುತ್ತವೆ. ಬ್ಯಾಟರಿ ಬಂದರೂ ಏಟು ಹಾಕಲು ಎಷ್ಟೋ ಗನ್ನುಗಳಲ್ಲಿ ಕೊನೆಗೆ ಒಳಗೆ ಗಾಳಿಯನ್ನೋ ಅನಿಲವನ್ನೋ ಕೂರಿಸಬೇಕಾಯಿತು. ಬೆಂಗಳೂರಿನ ಹತ್ತನೇ ಮಹಡಿಯ ಫ್ಲ್ಯಾಟಿಗೆ ನಾಲ್ಕು ಬೀಡಿಂಗ್ ಹೊಡೆಯಲು ಹೋಗುವವನಿಗೆ ಕಂಪ್ರೆಸರ್ ಹೊರುವ ಕಷ್ಟ ತಪ್ಪುತ್ತದೆ, ಅಕ್ಕಪಕ್ಕದವರ ಬೈಗುಳವೂ ತಪ್ಪುತ್ತದೆ. ಒಂದೇ ಕಡೆ ಕೂತು ದಿನಕ್ಕೆ ಸಾವಿರ ಮೊಳೆ ಹೊಡೆಯುವ ಶೆಡ್ಡಿಗೆ ಈಗಲೂ ಪೈಪಿನ ಗನ್ನೇ ಲೇಸು.

ನಾನು ಹೇಳಿದ ಏಟು ಮತ್ತು ಓಟದ ಲೆಕ್ಕವನ್ನು ಪೂರ್ತಿ ಬದಿಗಿಟ್ಟು ಬದುಕುವ ಬಡಗಿಗಳೂ ಇದ್ದಾರೆ. ಅವರ ಕಥೆ ಹೇಳದಿದ್ದರೆ ನನ್ನ ಮಾತು ಅರೆಬರೆಯಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊ ರಾಜ್ಯಗಳಲ್ಲಿ ಆಮಿಶ್ ಎಂಬ ಕ್ರೈಸ್ತ ಸಮುದಾಯವಿದೆ. ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ. ಊರಿಗೆ ಬರುವ ವಿದ್ಯುತ್ ತಂತಿಯನ್ನು ಮನೆಯೊಳಗೆ ಬಿಟ್ಟುಕೊಂಡರೆ ಹೊರಗಿನ ಲೋಕಕ್ಕೆ ಕಟ್ಟುಬಿದ್ದಂತೆ ಎಂದು ಅವರಲ್ಲಿ ಬಹುಪಾಲು ಜನ ಅದನ್ನು ಬೇಡವೆಂದರು. ಆದರೆ ಅವರು ಹೆಸರಾಂತ ಮರಗೆಲಸದವರು. ಅವರ ಮೇಜು, ಕುರ್ಚಿ, ಕಪಾಟುಗಳಿಗೆ ಅಮೆರಿಕದ ತುಂಬ ಬೇಡಿಕೆ ಇದೆ. ಹೇಗೆ ಮಾಡುತ್ತಾರೆ? ಶೆಡ್ಡಿನ ಹೊರಗೆ ಡೀಸೆಲ್ ಎಂಜಿನ್, ಅದರಿಂದ ದೊಡ್ಡ ಕಂಪ್ರೆಸರ್, ದೊಡ್ಡ ಟ್ಯಾಂಕುಗಳು, ಗೋಡೆಯುದ್ದಕ್ಕೂ ಗಾಳಿಯ ಪೈಪು. ಅಂಗಡಿಯಿಂದ ಕೊಂಡ ಯಂತ್ರದ ವಿದ್ಯುತ್ ಮೋಟಾರನ್ನು ಬಿಚ್ಚಿ ಗಾಳಿಯ ಮೋಟಾರ್ ಕೂರಿಸುತ್ತಾರೆ. ಸ್ಯಾಂಡರ್, ಡ್ರಿಲ್, ಎಷ್ಟೋ ಕಡೆ ಅಡುಗೆಮನೆಯ ಮಿಕ್ಸಿಯೂ ಗಾಳಿಯಿಂದ ಓಡುತ್ತದೆ. ಆಮಿಶ್ ಕರೆಂಟು ಎಂದೇ ಅದನ್ನು ಕರೆಯುತ್ತಾರೆ. ಒಂದು ಎಚ್‌ಪಿಗೆ ಏಳೆಂಟು ಎಚ್‌ಪಿ ಸುಡಬೇಕೆಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ತಾವು ಹೇಗೆ ಬದುಕಬೇಕೆಂಬುದನ್ನು ಮೊದಲು ತೀರ್ಮಾನಿಸಿ ಹತಾರವನ್ನು ಅದಕ್ಕೆ ಒಗ್ಗಿಸಿಕೊಂಡ ಜನ ಅವರು. ನನಗೆ ಅವರ ಮೇಲೆ ತುಂಬ ಗೌರವವಿದೆ. ನಮ್ಮ ಮೇಲೆ ಅಂಥ ಕಟ್ಟಳೆ ಇಲ್ಲದಿರುವಾಗ ಓಟದ ಕೆಲಸಕ್ಕೆ ಆ ಬೆಲೆ ತೆರುವುದು ಬೇಕಿಲ್ಲ ಎಂದಷ್ಟೇ ನನ್ನ ಮಾತು.

ಇನ್ನು ಮೈಯ ವಿಷಯ. ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ.

ಮರದ ಪುಡಿ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಅದನ್ನು ಖಚಿತವಾಗಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಗಾಳಿಕುಳಿಗಳಿಗೆ ಅದು ಬರುತ್ತದೆ. ಬೀಟೆಯ ಪುಡಿ ಗಂಟಲು ಕೆರೆಯುವುದನ್ನು, ಮೈಮೇಲೆ ದದ್ದು ಎಬ್ಬಿಸುವುದನ್ನು ನೀವೇ ಕಂಡಿದ್ದೀರಿ. ವಿದ್ಯುತ್ ಸ್ಯಾಂಡರಿನ ಹಿಂದೆ ವ್ಯಾಕ್ಯೂಮಿನ ಪೈಪು ಸಿಕ್ಕಿಸಬಹುದು, ಹೆಚ್ಚಿನ ಪುಡಿ ಅಲ್ಲೇ ಹಿಡಿದುಹೋಗುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಕಂಪ್ರೆಸರಿನ ಗಾಳಿ ಹಿಡಿದು ಮೇಜಿನ ಮೇಲಿನ ಪುಡಿಯನ್ನು ಊದುತ್ತೇವೆ. ದಪ್ಪ ಪುಡಿ ನೆಲಕ್ಕೆ ಬೀಳುತ್ತದೆ. ಕಣ್ಣಿಗೆ ಕಾಣದ ನುಣ್ಣನೆಯದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಅದೇ ಶ್ವಾಸಕೋಶದ ಆಳಕ್ಕೆ ಹೋಗುವುದು. ಊದಬೇಡಿ, ಗುಡಿಸಿ ಅಥವಾ ವ್ಯಾಕ್ಯೂಮಿನಿಂದ ಎಳೆಯಿರಿ. ಸಂಜೆ ಮನೆಗೆ ಹೊರಡುವಾಗ ಅಂಗಿಯ ಮೇಲೆ, ತಲೆಗೂದಲಿನ ಮೇಲೆ ಗಾಳಿ ಹಿಡಿದು ಪುಡಿ ಕೊಡವಿಕೊಳ್ಳುವ ಅಭ್ಯಾಸ ಎಲ್ಲ ಶೆಡ್ಡುಗಳಲ್ಲಿ ಇದೆ. ದಯವಿಟ್ಟು ಬಿಡಿ. ಚರ್ಮದ ಮೇಲಿನ ಚಿಕ್ಕ ಗಾಯದಿಂದ ಆ ಗಾಳಿ ರಕ್ತಕ್ಕೆ ನುಗ್ಗಿದರೆ ಪ್ರಾಣಕ್ಕೇ ಅಪಾಯ. ತಮಾಷೆಗೂ ಒಬ್ಬರ ಮೇಲೊಬ್ಬರು ಹಿಡಿಯಬೇಡಿ.

ಗನ್ ಹಿಡಿದಾಗ ಇನ್ನೊಂದು ಕೈಯ ಬೆರಳು ಮೊಳೆಯ ಉದ್ದಕ್ಕಿಂತ ಹೆಚ್ಚು ದೂರ ಇರಲಿ. ಮತ್ತಿಯಂಥ ಗಟ್ಟಿ ಮರದಲ್ಲಿ, ಗಂಟು ಇರುವ ಕಡೆ, ಮೊಳೆ ಒಳಗೇ ಬಾಗಿ ಪಕ್ಕದಿಂದ ಹೊರಗೆ ಬರುತ್ತದೆ. ಮೊಳೆ ಸಿಕ್ಕಿಕೊಂಡರೆ ಮೊದಲು ಪೈಪು ಬಿಚ್ಚಿ, ಆಮೇಲೆ ಗನ್ ಬಿಚ್ಚಿ. ಕನ್ನಡಕ ಇಲ್ಲದೆ ಹೊಡೆಯಬೇಡಿ, ಕಿವಿಗೆ ಮುಚ್ಚಳ ಹಾಕಿಕೊಳ್ಳಿ. ಗಾಳಿಯ ಪೈಪಿಗೆ ನೀರಿನ ಪಿವಿಸಿ ಪೈಪು ಬಳಸಿದ ಶೆಡ್ಡುಗಳನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಎ‌ದೆ ನಡುಗುತ್ತದೆ. ನೀರಿನ ಒತ್ತಡದಲ್ಲಿ ಪಿವಿಸಿ ಒಡೆದರೆ ನೀರು ಚಿಮ್ಮುತ್ತದೆ, ಗಾಳಿಯ ಒತ್ತಡದಲ್ಲಿ ಒಡೆದರೆ ಚೂರುಗಳು ಗಾಜಿನಂತೆ ಹಾರುತ್ತವೆ. ತುಕ್ಕು ತಿಂದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಬಳಸುವುದೂ ಅಷ್ಟೇ ಅಪಾಯ.

ನನ್ನ ಮಾತು ಇಷ್ಟು. ಕೇಳುವುದಿದ್ದರೆ ಕೇಳಿ.

'ಕಂಪ್ರೆಸರ್ ಕೊಳ್ಳುವಾಗ ಎಚ್‌ಪಿ ನೋಡಬೇಕೋ, ಟ್ಯಾಂಕು ನೋಡಬೇಕೋ?' ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು.

ಎರಡಕ್ಕೂ ಮೊದಲು, ಆರು ಏಳು ಬಾರಿನಲ್ಲಿ ನಿಮಿಷಕ್ಕೆ ನಿಜವಾಗಿ ಎಷ್ಟು ಗಾಳಿ ಹೊರಗೆ ಕೊಡುತ್ತದೆ ಎಂದು ಕೇಳಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಪಿಸ್ಟನ್ ಒಳಗೆಳೆಯುವ ಗಾಳಿಯ ಅಳತೆ, ಹೊರಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಒಂದು ಎಚ್‌ಪಿಗೆ ಮೂರೂವರೆ ನಾಲ್ಕು ಘನ ಅಡಿ ಎಂದು ಇಟ್ಟುಕೊಂಡರೆ ಮೋಸ ಹೋಗುವುದಿಲ್ಲ. ಟ್ಯಾಂಕು ದೊಡ್ಡದಿದ್ದರೆ ಬಿಡುವು ಸಿಗುತ್ತದೆ, ಗಾಳಿ ಹೆಚ್ಚಾಗುವುದಿಲ್ಲ.

'ಗನ್ ಬಂದ ಮೇಲೆ ಮರಕ್ಕೆ ಮರ ಸೇರಿಸಲು ಕಚ್ಚು ಹಾಕುವುದು ಯಾಕೆ ಬೇಕು?' ಎಂದು ಇನ್ನೊಬ್ಬರು ಕೇಳಿದರು.

ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಈ ಮೊಳೆಯನ್ನು ಬೆರಳಲ್ಲಿ ಹಿಡಿದು ನೋಡಿ. ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ತಲೆಯೇ ಇಲ್ಲ ಎನ್ನಬಹುದು. ಅಂಟು ಒಣಗುವವರೆಗೆ ಬೀಡಿಂಗನ್ನು ಅಲ್ಲಾಡದಂತೆ ಹಿಡಿದುಕೊಳ್ಳುವುದು ಇದರ ಕೆಲಸ. ಬಾಗಿಲ ಚೌಕಟ್ಟಿನ, ಕುರ್ಚಿಯ ಕಾಲಿನ ಭಾರ ಹೊರುವುದು ಇದರ ಕೆಲಸವಲ್ಲ. ಕುರ್ಚಿಯ ಕಾಲಿಗೆ ಬರೀ ಅಂಟು ಹಾಕಿ ನಾಲ್ಕು ಮೊಳೆ ಹೊಡೆದು ಕೊಡುವವರಿದ್ದಾರೆ. ಒಂದು ಮಳೆಗಾಲ ಮರ ಉಬ್ಬಿ, ಒಂದು ಬೇಸಿಗೆ ಕುಗ್ಗಿದರೆ ಮೊಳೆ ಸಡಿಲವಾಗುತ್ತದೆ. ಉಳಿಯಿಂದ ತೆಗೆದ ಕಚ್ಚು ನೂರು ವರ್ಷ ಹಿಡಿದುಕೊಳ್ಳುತ್ತದೆ, ನಿಮ್ಮೂರಿನ ಹಳೆಯ ಮನೆಯ ಬಾಗಿಲನ್ನು ಹೋಗಿ ನೋಡಿ.

'ನನ್ನ ಹತ್ತಿರ ಒಂದಕ್ಕೆ ಮಾತ್ರ ದುಡ್ಡಿದೆ. ಮೊದಲು ಯಾವುದನ್ನು ಕೊಳ್ಳಲಿ?'

ವ್ಯಾಕ್ಯೂಮ್ ಸಿಕ್ಕಿಸಬಹುದಾದ ವಿದ್ಯುತ್ ಸ್ಯಾಂಡರ್. ಮೊಳೆಯನ್ನು ಸುತ್ತಿಗೆಯಿಂದ ಹೊಡೆಯಬಹುದು, ತಡವಾದೀತು ಅಷ್ಟೇ. ಎರಡನೆಯದಾಗಿ ಇಂಥದೇ 25 ಲೀಟರಿನ ಕಂಪ್ರೆಸರ್ ಮತ್ತು ಒಂದು ಎಫ್-30 ಗನ್. ಪಾಲಿಶ್ ಕೆಲಸ ಕೈಗೆ ಬಂದ ಮೇಲೆ ಮೂರು ಎಚ್‌ಪಿಯದನ್ನು ನೋಡಿದರಾಯಿತು. ಅಲ್ಲಿಯವರೆಗೆ ಸ್ಪ್ರೇ ಬೇಕಾದಾಗ ಪಕ್ಕದ ಶೆಡ್ಡಿನವರೊಡನೆ ಹೊಂದಿಕೊಳ್ಳಿ.

ಹೊರಡುವ ಮೊದಲು ಯಾರಾದರೂ ಒಂದು ಲೋಟ ಕೊಡಿ. ಇವತ್ತು ಈ ಕಂಪ್ರೆಸರ್ ಓಡಿದ್ದು ಒಟ್ಟು ನಾಲ್ಕೈದು ನಿಮಿಷ. ಬೆಳಗ್ಗೆ ಮನೆಯಿಂದ ಖಾಲಿ ಮಾಡಿಕೊಂಡೇ ತಂದಿದ್ದೆ. ಅಡಿಯ ತಿರುಪನ್ನು ಬಿಚ್ಚುತ್ತೇನೆ, ಗಾಳಿ ಬುಸ್ಸೆನ್ನುತ್ತದೆ, ಹಿಂದೆ ಸರಿಯಿರಿ.

(ಲೋಟದ ತಳದಲ್ಲಿ ಒಂದು ಚಮಚದಷ್ಟು ನೀರು ನಿಂತಿತು, ತಿಳಿ ಚಹಾದ ಬಣ್ಣದ್ದು. ಲೋಟ ಸಾಲಿನಿಂದ ಸಾಲಿಗೆ ಕೈ ಬದಲಾಯಿಸುತ್ತಾ ಹೋಯಿತು. ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು.)